ಚಂದ ಕಂಡಿದ್ದೆಲ್ಲ ಫೋಕಸ್ ಅಲ್ಲ

ಸಕಲೇಶಪುರ, ಮೂಡಿಗೆರೆ ಕಡೆ ಏಲಕ್ಕಿ ಬೆಳೆಯುವವರಿಗೆ ಕಟ್ಟೆ ರೋಗದ ಪರಿಚಯ ಮಾಡಿಕೊಡಬೇಕಾಗಿಲ್ಲ. ಎಲೆ ತುಂಬ ತಿಳಿ ಹಸಿರು ಗೆರೆ ಬರುತ್ತದೆ, ಗಿಡ ಸೊರಗುತ್ತದೆ, ಇಳುವರಿ ಬೀಳುತ್ತದೆ. ಗಿಡಹೇನು ಹರಡುವ ಈ ವೈರಸ್ ದಾರದ ಎಳೆಯಂತಿದೆ. ಉದ್ದ ಸುಮಾರು 650 ನ್ಯಾನೋಮೀಟರ್, ದಪ್ಪ 10ರಿಂದ 15 ನ್ಯಾನೋಮೀಟರ್ ಅಷ್ಟೇ. ಬೆಳಕಿನ ಮೈಕ್ರೋಸ್ಕೋಪಿನ ಕಣ್ಣಿಗೆ ಇದು ಬೀಳುವುದಿಲ್ಲ. ಟ್ರಾನ್ಸ್‌ಮಿಷನ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್, ನಮ್ಮ ಬಾಯಲ್ಲಿ ‘ಟೆಮ್’, ಬೇಕೇ ಬೇಕು.

ಹಾಸನದಲ್ಲಿ ನಾನು ಪಾಠ ಹೇಳುವ ಹುಡುಗ ಹುಡುಗಿಯರು ಇಂಥ ಮಾದರಿಗಳನ್ನು ಗ್ರಿಡ್ (ಕಾರ್ಬನ್ ಪೊರೆ ಹಾಸಿದ ಪುಟ್ಟ ಲೋಹದ ಜಾಲರಿ) ಮೇಲೆ ತಯಾರು ಮಾಡಿಕೊಂಡು ಬೆಂಗಳೂರಿಗೆ ಹೋಗುತ್ತಾರೆ. ಮೊದಲೇ ಬುಕ್ ಮಾಡಿದ್ದರೂ ಮೆಷಿನ್ ಸಿಗುವುದು ಒಂದೆರಡು ಗಂಟೆ. ವಾಪಸ್ ಬಂದು ಚಿತ್ರ ತೋರಿಸುತ್ತಾರೆ. ವೈರಸ್ ಎದ್ದು ಕಾಣುತ್ತಿರುತ್ತದೆ. ಎಷ್ಟು ಡಿಫೋಕಸ್‌ನಲ್ಲಿ (ನಿಖರ ಫೋಕಸ್‌ನಿಂದ ಎಷ್ಟು ಸರಿಸಿ) ತೆಗೆದೆಯಮ್ಮ ಅಂತ ಕೇಳಿದರೆ, “ಸರಿಯಾಗಿ ಫೋಕಸ್‌ನಲ್ಲೇ ಮೇಡಂ, ಎಷ್ಟು ಶಾರ್ಪ್ ಆಗಿದೆ ನೋಡಿ” ಅನ್ನುತ್ತಾರೆ. ನನ್ನ ತಕರಾರು ಇರುವುದು ಈ ಮಾತಿನ ಜೊತೆ.

ಫೋನಿನ ಕ್ಯಾಮೆರಾದಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡಿದ್ದೇ ಫೋಕಸ್. ಟೆಮ್‌ನಲ್ಲಿ ಹಾಗಲ್ಲ. ತೆಳು ಮಾದರಿ ಎಲೆಕ್ಟ್ರಾನ್‌ಗಳನ್ನು ತಡೆದು ನಿಲ್ಲಿಸುವುದು ತೀರಾ ಕಡಿಮೆ. ಅವುಗಳ ಅಲೆಯನ್ನು ಒಂಚೂರು ಹಿಂದೆ ಮುಂದೆ ಮಾಡಿ ಕಳಿಸುತ್ತದೆ. ಫೋಕಸ್ ನಿಖರವಾಗಿದ್ದಾಗ ಈ ವ್ಯತ್ಯಾಸ ಪರದೆ ಮೇಲೆ ಕಾಣುವುದೇ ಇಲ್ಲ. ಮಾದರಿಯ ಚಿತ್ರ ಮೂಡಿಸುವ ವಿದ್ಯುತ್ಕಾಂತ, ಅಂದರೆ ಆಬ್ಜೆಕ್ಟಿವ್ ಲೆನ್ಸ್, ಇದರ ಕರೆಂಟ್ ಸ್ವಲ್ಪ ಇಳಿಸಿದರೆ ಅಂಡರ್‌ಫೋಕಸ್ ಆಗುತ್ತದೆ, ಆಗ ಕಪ್ಪು ಬಿಳುಪು ಎದ್ದು ಬರುತ್ತದೆ. ಕಣ್ಣಿಗೆ ಹಿತ ಅನ್ನಿಸುವುದು ಈ ಅಂಡರ್‌ಫೋಕಸ್ ಚಿತ್ರ. ವಿದ್ಯಾರ್ಥಿಗಳ ಕೈ ಗುಂಡಿ ತಿರುಗಿಸುವುದನ್ನು ನಿಲ್ಲಿಸುವುದೂ ಅಲ್ಲೇ.

ನಿಲ್ಲಿಸಿದರೆ ಏನಾಯಿತು ಅಂತೀರಾ? ಅಂಡರ್‌ಫೋಕಸ್ ಪ್ರತಿ ಅಂಚಿಗೂ ಒಂದು ಬಿಳಿ ಗೆರೆ ಕೂಡಿಸುತ್ತದೆ. ಅದು ಫ್ರೆನೆಲ್ ಫ್ರಿಂಜ್. ರಂಗೋಲಿಗೆ ಸುತ್ತ ಬಣ್ಣದ ಗೆರೆ ಎಳೆದ ಹಾಗೆ, ಆಕಾರ ಎದ್ದು ಕಾಣುತ್ತದೆ, ಆದರೆ ಮೂಲ ಗೆರೆ ಎಲ್ಲಿ ಮುಗಿಯಿತು ಅನ್ನುವುದು ತಿಳಿಯುವುದಿಲ್ಲ. ಎಲೆಕ್ಟ್ರಾನ್ ತರಂಗಾಂತರವನ್ನು ಡಿಫೋಕಸ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಈ ಗೆರೆಯ ಅಗಲ ಹೆಚ್ಚುಕಡಿಮೆ ಸಿಗುತ್ತದೆ. 120 ಕಿಲೋವೋಲ್ಟ್‌ನಲ್ಲಿ ತರಂಗಾಂತರ 3.35 ಪಿಕೋಮೀಟರ್. 2 ಮೈಕ್ರೋಮೀಟರ್ ಅಂಡರ್‌ಫೋಕಸ್ ಇದ್ದರೆ ಗೆರೆ ಸುಮಾರು 2.6 ನ್ಯಾನೋಮೀಟರ್. ಎಳೆಯ ಎರಡೂ ಬದಿ ಸೇರಿಸಿ 5 ದಾಟಿತು. ವೈರಸ್ಸೇ 12 ನ್ಯಾನೋಮೀಟರ್ ದಪ್ಪ ಇರುವಾಗ ಆ ಅಳತೆಗೆ ಏನು ಬೆಲೆ? ಅರ್ಧ ಮೈಕ್ರೋಮೀಟರ್‌ನಲ್ಲಿ ತೆಗೆದಿದ್ದರೆ ಗೆರೆ 1.3ಕ್ಕೆ ಇಳಿಯುತ್ತಿತ್ತು.

ಹಾಗಂತ ಅಂಡರ್‌ಫೋಕಸ್ ತಪ್ಪಲ್ಲ, ಅದು ಬೇಕು. ಆದರೆ ಮೊದಲು ಸೊನ್ನೆ, ಅಂದರೆ ನಿಖರ ಫೋಕಸ್, ಎಲ್ಲಿದೆ ಅಂತ ಹಿಡಿದು, ಆಮೇಲೆ ಗೊತ್ತಿದ್ದೇ ಇಷ್ಟು ಅಂತ ಇಳಿಯಬೇಕು.

ಸೊನ್ನೆ ಹುಡುಕುವ ಕೆಲಸ ಫೋಕಸ್ ಗುಂಡಿಯಿಂದ ಶುರುವಾಗುವುದಿಲ್ಲ, ಮಾದರಿಯ ಎತ್ತರದಿಂದ ಶುರುವಾಗುತ್ತದೆ. ಲೆನ್ಸ್ ಅಂದರೆ ಇಲ್ಲಿ ತಾಮ್ರದ ಸುರುಳಿ ಮತ್ತು ಕಬ್ಬಿಣ. ಕರೆಂಟ್ ಬದಲಾದರೆ ಫೋಕಸ್ ಜೊತೆಗೆ ಮ್ಯಾಗ್ನಿಫಿಕೇಶನ್ನೂ ಬದಲಾಗುತ್ತದೆ. ಮೆಷಿನ್ ಹಾಕಿಕೊಡುವ ಸ್ಕೇಲ್ ಬಾರ್ ನಿಗದಿತ ಕರೆಂಟಿಗೆ ಮಾತ್ರ ಸರಿ. ಅದಕ್ಕೇ ಕರೆಂಟನ್ನು ಆ ನಿಗದಿತ ಮಟ್ಟಕ್ಕೆ ತಂದಿಟ್ಟು, ಗ್ರಿಡ್ ಹಿಡಿದ ಹೋಲ್ಡರನ್ನು ಮೇಲೆ ಕೆಳಗೆ ಮಾಡಿ ಮಾದರಿಯನ್ನೇ ಫೋಕಸ್‌ಗೆ ತರಬೇಕು. ಸ್ಟೇಜನ್ನು ಆ ಕಡೆ ಈ ಕಡೆ ವಾಲಿಸುತ್ತಾ ಪರದೆ ನೋಡಿ. ಎತ್ತರ ತಪ್ಪಿದ್ದರೆ ಚಿತ್ರ ಪಕ್ಕಕ್ಕೆ ಓಡುತ್ತದೆ. ಎತ್ತರ ಕೂಡಿದಾಗ ಎಷ್ಟು ವಾಲಿಸಿದರೂ ಇದ್ದಲ್ಲೇ ಇರುತ್ತದೆ. ಇದು ಯೂಸೆಂಟ್ರಿಕ್ ಎತ್ತರ. ಎರಡು ನಿಮಿಷದ ಕೆಲಸ ಇದು. ಗ್ರಿಡ್‌ನ ಬೇರೆ ಚೌಕಕ್ಕೆ ಹೋದಾಗಲೆಲ್ಲ ಮತ್ತೆ ನೋಡಿಕೊಳ್ಳಿ, ಯಾಕೆಂದರೆ ಗ್ರಿಡ್ ಯಾವತ್ತೂ ಸಪಾಟಾಗಿರುವುದಿಲ್ಲ.

ಆಮೇಲೆ ವಾಬ್ಲರ್. ಇದು ಎಲೆಕ್ಟ್ರಾನ್ ಕಿರಣವನ್ನು ಎರಡು ಓರೆಗಳ ನಡುವೆ ಪಟಪಟ ಅಂತ ಬದಲಿಸುತ್ತದೆ. ಫೋಕಸ್ ಇಲ್ಲದಿದ್ದರೆ ಚಿತ್ರ ಎರಡೆರಡಾಗಿ ಅದುರುತ್ತದೆ. ಅದುರು ನಿಲ್ಲುವ ತನಕ ಗುಂಡಿ ತಿರುಗಿಸಿ. ಕಡಿಮೆ ಮ್ಯಾಗ್ನಿಫಿಕೇಶನ್‌ನಲ್ಲಿ ಇದಕ್ಕಿಂತ ಸುಲಭದ ದಾರಿ ಇಲ್ಲ. ಆಟೋಫೋಕಸ್ ಮಾಡುವುದೂ ಸಾಮಾನ್ಯವಾಗಿ ಇದನ್ನೇ, ಕಣ್ಣಿನ ಬದಲು ಲೆಕ್ಕದಿಂದ. ಅದನ್ನು ಬಳಸಬೇಡಿ ಅನ್ನುವುದಿಲ್ಲ, ಆದರೆ ಮೊದಲು ಕೈಯಿಂದ ಕಲಿಯಿರಿ. ಹರಿದ ಪೊರೆ, ಖಾಲಿ ಜಾಗ ಎದುರಾದಾಗ ಅದು ದಾರಿ ತಪ್ಪುತ್ತದೆ.

ಹೆಚ್ಚಿನ ಮ್ಯಾಗ್ನಿಫಿಕೇಶನ್‌ಗೆ ಹೋದ ಮೇಲೆ ವೈರಸ್ ಕಡೆ ನೋಡಬೇಡಿ. ಅದರ ಸುತ್ತ ಬಣ್ಣವಾಗಿ ಹಾಕಿದ ಯುರೇನಿಲ್ ಅಸಿಟೇಟ್ ಇದೆ. ಯುರೇನಿಯಂ ಭಾರದ ಲೋಹ, ಫೋಕಸ್ ಎಲ್ಲೇ ಇದ್ದರೂ ಅದು ಕಪ್ಪಗೆ ಕಾಣುತ್ತದೆ. ಪಕ್ಕದ ಬರೀ ಕಾರ್ಬನ್ ಪೊರೆ ನೋಡಿ. ಅಂಡರ್‌ಫೋಕಸ್‌ನಲ್ಲಿ ಅಲ್ಲಿ ರವೆ ಚೆಲ್ಲಿದಂಥ ಕಾಳು ಕಾಳು ಇರುತ್ತದೆ. ಗುಂಡಿ ತಿರುಗಿಸುತ್ತಾ ಹೋದರೆ ಕಾಳು ಸಣ್ಣಗಾಗಿ, ಮಸುಕಾಗಿ, ಒಂದು ಹಂತದಲ್ಲಿ ಪೊರೆ ಪೂರ್ತಿ ಬೋಳಾಗುತ್ತದೆ. ಇನ್ನೂ ತಿರುಗಿಸಿದರೆ ಓವರ್‌ಫೋಕಸ್, ಕಾಳು ಮತ್ತೆ ಹಾಜರು. ಚಿತ್ರ ‘ಸತ್ತು ಹೋಯಿತು’ ಅನ್ನಿಸುವ ಆ ಬೋಳು ಜಾಗವೇ ಸೊನ್ನೆ. ಮಾದರಿಯ ಮೇಲೆ ಸುಮ್ನೆ ಕಿರಣ ಬಿಟ್ಟು ಸುಡುವುದೂ ಇದರಿಂದ ತಪ್ಪುತ್ತದೆ.

ಪೊರೆಯಲ್ಲಿ ಸಣ್ಣ ತೂತು ಸಿಕ್ಕಿದರೆ ಇನ್ನೂ ಒಳ್ಳೆಯದು. ಅಂಚಿನ ಸುತ್ತ ಬಿಳಿ ಗೆರೆ ಇದ್ದರೆ ಅಂಡರ್‌ಫೋಕಸ್, ಕಪ್ಪು ಗೆರೆ ಇದ್ದರೆ ಓವರ್‌ಫೋಕಸ್, ಎರಡೂ ಇಲ್ಲದಿದ್ದರೆ ಸೊನ್ನೆ. ಒಂದು ದಿಕ್ಕಿನಲ್ಲಿ ಬಿಳಿ, ಅದಕ್ಕೆ ಅಡ್ಡ ದಿಕ್ಕಿನಲ್ಲಿ ಕಪ್ಪು ಕಂಡರೆ ಅಸ್ಟಿಗ್ಮ್ಯಾಟಿಸಂ, ಅಂದರೆ ಲೆನ್ಸಿನ ಫೋಕಸ್ ಎರಡು ದಿಕ್ಕಿನಲ್ಲಿ ಬೇರೆ ಬೇರೆ. ಅದಕ್ಕೆ ಫೋಕಸ್ ಗುಂಡಿ ಮದ್ದಲ್ಲ, ಅದನ್ನು ಸರಿಪಡಿಸುವ ಸ್ಟಿಗ್ಮೇಟರ್ ಬೇಕು. ಗೆರೆ ಸುತ್ತಲೂ ಒಂದೇ ಅಗಲ ಬರುವ ತನಕ ಸ್ಟಿಗ್ಮೇಟರಿನ ಎರಡು ಗುಂಡಿಗಳನ್ನು ಒಂದಾದ ಮೇಲೆ ಒಂದು ತಿರುಗಿಸಿ. ಎಷ್ಟು ಮಾಡಿದರೂ ಬಗ್ಗದಿದ್ದರೆ ಆಬ್ಜೆಕ್ಟಿವ್ ಅಪರ್ಚರ್ (ಕಿರಣ ಹಾಯುವ ಸಣ್ಣ ತೂತು) ಕೊಳೆಯಾಗಿರಬಹುದು, ಆಪರೇಟರ್‌ಗೆ ಹೇಳಿ.

ಒಂದು ವಿಷಯ ಇಲ್ಲಿ ಒತ್ತಿ ಹೇಳಲೇಬೇಕು. ಚಿತ್ರ ಒಂದು ದಿಕ್ಕಿಗೆ ಎಳೆದ ಹಾಗಿದ್ದರೆ ಅದು ಅಸ್ಟಿಗ್ಮ್ಯಾಟಿಸಂ ಆಗಿರಬಹುದು, ಮಾದರಿ ನಿಧಾನವಾಗಿ ಜರುಗುತ್ತಿರುವುದೂ ಆಗಿರಬಹುದು. ಫೋಕಸನ್ನು ಸೊನ್ನೆಯ ಈ ಬದಿಯಿಂದ ಆ ಬದಿಗೆ ದಾಟಿಸಿ ನೋಡಿ. ಎಳೆತದ ದಿಕ್ಕು 90 ಡಿಗ್ರಿ ತಿರುಗಿದರೆ ಅಸ್ಟಿಗ್ಮ್ಯಾಟಿಸಂ. ತಿರುಗದೆ ಹಾಗೇ ಉಳಿದರೆ ಮಾದರಿ ಜರುಗುತ್ತಿದೆ. ಕಂಪ್ಯೂಟರ್ ಪರದೆಯಲ್ಲಿ ಫೂರಿಯರ್ ಚಿತ್ರ (ಚಿತ್ರದ ವಿವರಗಳನ್ನು ಸೂಕ್ಷ್ಮತೆಯ ಪ್ರಕಾರ ವಿಂಗಡಿಸಿ ತೋರಿಸುವುದು) ಹಾಕಿಕೊಂಡರೆ ಇದು ಇನ್ನೂ ಸ್ಪಷ್ಟ. 1966ರಲ್ಲಿ ವಿಜ್ಞಾನಿ ಥಾನ್ ವಿವರಿಸಿದ ಉಂಗುರಗಳು ಅಲ್ಲಿ ಕಾಣುತ್ತವೆ. ಅಸ್ಟಿಗ್ಮ್ಯಾಟಿಸಂ ಇದ್ದರೆ ಉಂಗುರ ಮೊಟ್ಟೆಯಾಕಾರ. ಮಾದರಿ ಜರುಗಿದರೆ ಉಂಗುರ ದುಂಡಗೇ ಇದ್ದು ಒಂದು ದಿಕ್ಕಿನಲ್ಲಿ ಅಳಿಸಿ ಹೋಗಿರುತ್ತದೆ. ಸೊನ್ನೆಗೆ ಹತ್ತಿರ ಬಂದ ಹಾಗೆ ಉಂಗುರಗಳು ಹೊರಕ್ಕೆ ಸರಿಯುತ್ತವೆ.

ಜರುಗುವುದಕ್ಕೆ ಮದ್ದು ತಾಳ್ಮೆ. ಹೋಲ್ಡರ್ ಒಳಗೆ ಹಾಕಿದ ತಕ್ಷಣ ಚಿತ್ರ ತೆಗೆಯಲು ಹೋಗಬೇಡಿ, ಅದು ಒಳಗಿನ ತಾಪಕ್ಕೆ ಹೊಂದಿಕೊಳ್ಳಲಿ. ಮಳೆಗಾಲದಲ್ಲಿ ಮಲೆನಾಡಿನಿಂದ ಹೊರಡುವವರು ಗ್ರಿಡ್ ಡಬ್ಬಿಯನ್ನು ಸಿಲಿಕಾ ಜೆಲ್ ಇರುವ ಡೆಸಿಕೇಟರ್‌ನಲ್ಲಿ ಚೆನ್ನಾಗಿ ಒಣಗಿಸಿ ತನ್ನಿ. ಇನ್ನು ಲೆನ್ಸಿನ ಕಬ್ಬಿಣಕ್ಕೆ ಹಿಂದಿನ ಕಾಂತತೆ ಸ್ವಲ್ಪ ಉಳಿದುಕೊಳ್ಳುವ ಗುಣ ಇದೆ. ಹಾಗಾಗಿ ಸೊನ್ನೆಗೆ ಯಾವಾಗಲೂ ಒಂದೇ ಬದಿಯಿಂದ ಬನ್ನಿ, ಮ್ಯಾಗ್ನಿಫಿಕೇಶನ್ ತುಂಬಾ ಬದಲಿಸಿದಾಗ ಲೆನ್ಸ್ ನಾರ್ಮಲೈಸ್ ಮಾಡಿ, ಅಂದರೆ ಆ ಉಳಿದ ಕಾಂತತೆಯನ್ನು ಒಂದೇ ಮಟ್ಟಕ್ಕೆ ತನ್ನಿ.

ಸೊನ್ನೆ ಸಿಕ್ಕ ಮೇಲೆ ಎಷ್ಟು ಇಳಿಯಬೇಕು ಅನ್ನುವುದು ಮಾದರಿಯ ಮೇಲೆ ನಿಂತಿದೆ. ಹರಳಿನ ಪರಮಾಣು ಸಾಲು ನೋಡುವವರಿಗೆ 1949ರಲ್ಲಿ ಭೌತವಿಜ್ಞಾನಿ ಶೆರ್ಜರ್ ಕೊಟ್ಟ ಲೆಕ್ಕ ಇದೆ. 200 ಕಿಲೋವೋಲ್ಟ್, ಗೋಳೀಯ ದೋಷ (ಲೆನ್ಸಿನ ಅಂಚಿನ ಕಿರಣಗಳು ಬೇರೆಡೆ ಕೂಡುವುದು) 1 ಮಿಲಿಮೀಟರ್ ಇರುವ ಲೆನ್ಸ್ ಆದರೆ ಅದು 60 ನ್ಯಾನೋಮೀಟರ್ ಹತ್ತಿರ ಬರುತ್ತದೆ. ಬಣ್ಣ ಹಾಕದೆ ಹಿಮದಲ್ಲಿ ಹುದುಗಿಸಿದ ಪ್ರೋಟೀನ್‌ಗೆ 1ರಿಂದ 3 ಮೈಕ್ರೋಮೀಟರ್‌ವರೆಗೂ ಹೋಗುತ್ತಾರೆ. ಕಟ್ಟೆ ವೈರಸ್ಸಿನಂಥ ಬಣ್ಣ ಹಾಕಿದ ಮಾದರಿಗೆ ಅಷ್ಟು ಜಾಸ್ತಿ ಬೇಡ. ಒಂದೇ ಜಾಗದ ಎರಡು ಚಿತ್ರ ತೆಗೆಯಿರಿ. ಮೊದಲು ಸೊನ್ನೆಗೆ ಹತ್ತಿರದಲ್ಲಿ ಒಂದು, ದಪ್ಪ ಅಳೆಯುವುದಕ್ಕೆ. ಆಮೇಲೆ 1 ಮೈಕ್ರೋಮೀಟರ್ ಇಳಿಸಿ ಇನ್ನೊಂದು, ಎಳೆ ಎಲ್ಲೆಲ್ಲಿದೆ ಅಂತ ಗುರುತಿಸುವುದಕ್ಕೆ. ಎರಡರ ಫೈಲ್ ಹೆಸರಿನಲ್ಲೂ ವೋಲ್ಟೇಜ್, ಮ್ಯಾಗ್ನಿಫಿಕೇಶನ್ ಜೊತೆ ಡಿಫೋಕಸ್ ಎಷ್ಟು ಅಂತ ಅಲ್ಲೇ ಕೂತು ಬರೆದುಬಿಡಿ.