ತೆರಿಗೆ ಬಾಟಲಿಗೋ, ಅಮಲಿಗೋ?

ಬಿಯರ್ ರೇಟು ಏರಿದ ವಾರ ದಾವಣಗೆರೆಯ ನಮ್ಮ ಆಫೀಸಿನಲ್ಲಿ ಎರಡು ಥರದ ಮಾತು ಕೇಳಿಸುತ್ತದೆ. ವೈನ್ ಶಾಪ್, ಬಾರ್ ನಡೆಸುವವರ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಅವರದು ಒಂದೇ ರಾಗ. "ಹಿಂಗೇ ಏರಿಸ್ಕೆಂಡು ಹೋದ್ರೆ ಬಿಯರ್ ಯಾರು ತಗೊಂತಾರೆ ಸರ್?" ಅದೇ ಬೆಂಚಿನ ಮೇಲೆ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿಸಲು ಬಂದ ಮೇಷ್ಟ್ರೂ ಕೂತಿರುತ್ತಾರೆ. "ಇನ್ನೂ ಡಬಲ್ ಮಾಡ್ಲಿ ಬಿಡಿ, ಹಂಗಾದ್ರೂ ಬಿಡ್ತಾರೆ" ಅನ್ನುತ್ತಾರೆ. ಕೊನೆಗೆ ಇಬ್ಬರೂ ನನ್ನ ಮುಖ ನೋಡುತ್ತಾರೆ.

ನನಗೆ ಇಬ್ಬರ ಮಾತೂ ಪೂರ್ತಿ ಒಪ್ಪಿಗೆಯಿಲ್ಲ. ಎಲ್ಲರೂ ಕೇಳುತ್ತಿರುವುದು ತೆರಿಗೆ ಎಷ್ಟಿರಬೇಕು ಅಂತ. ಯಾವುದರ ಮೇಲೆ ಹಾಕಬೇಕು ಅಂತ ಕೇಳುವವರು ಕಡಿಮೆ. ಬಾಟಲಿಯ ಬೆಲೆಯ ಮೇಲೋ, ಅದರೊಳಗಿನ ಲೀಟರಿನ ಮೇಲೋ, ಆ ಲೀಟರಿನಲ್ಲಿರುವ ಆಲ್ಕೋಹಾಲಿನ ಮೇಲೋ? ಈ ಮೂರರಲ್ಲಿ ಯಾವುದನ್ನು ಹಿಡಿದರು ಅನ್ನುವುದರ ಮೇಲೆ ಯಾರ ಜೇಬಿಗೆ ಎಷ್ಟು ಬೀಳುತ್ತೆ, ಯಾರು ಯಾವುದನ್ನು ಬಿಟ್ಟು ಯಾವುದಕ್ಕೆ ಹೋಗುತ್ತಾರೆ ಅನ್ನುವುದು ನಿಂತಿದೆ.

ಮೊದಲು ಒಂದು ತಪ್ಪು ತಿಳಿವಳಿಕೆ. "ಬಿಯರ್‌ಗೆ ಜಿಎಸ್‌ಟಿ ಎಷ್ಟು?" ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲವೇ ಇಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಕುಡಿಯುವ ಮದ್ಯವನ್ನು ಅದರಿಂದ ಹೊರಗಿಟ್ಟರು. ಅದರ ಮೇಲೆ ಅಬಕಾರಿ ಸುಂಕ ಹಾಕುವುದು ಈಗಲೂ ರಾಜ್ಯದ ಹಕ್ಕು. ಹಾಗಾಗಿ ಬಾರಿನಲ್ಲಿ ಒಂದೇ ಟೇಬಲ್ಲಿನ ಬಿಲ್ಲು ನೋಡಿದರೆ ಮೊಟ್ಟೆ ಬುರ್ಜಿಗೆ, ಮಿರ್ಚಿಗೆ ಒಂದು ತೆರಿಗೆ, ಬಿಯರಿಗೆ ಬೇರೆಯೇ ದಾರಿ. ತಮಾಷೆಯೆಂದರೆ ಬಿಯರ್ ತುಂಬುವ ಗಾಜಿನ ಬಾಟಲಿಗೆ ಶೇ 18 ಜಿಎಸ್‌ಟಿ ಇದೆ. ಬಿಯರ್ ಕಂಪನಿ ಅದನ್ನು ಕಟ್ಟುತ್ತದೆ, ಆದರೆ ಬಿಯರಿಗೆ ಜಿಎಸ್‌ಟಿ ಇಲ್ಲದ್ದರಿಂದ ಬೇರೆ ಸರಕಿನವರ ಹಾಗೆ ಅದನ್ನು ಕ್ರೆಡಿಟ್ ಆಗಿ ಕಳೆದುಕೊಳ್ಳುವ ಹಾಗಿಲ್ಲ. ಬೇರೆ ಯಾವ ಕಾರ್ಖಾನೆಯವರಿಗಾದರೂ ಹೀಗೆ ಮಾಡಿದ್ದರೆ ಬೀದಿಗೆ ಬರುತ್ತಿದ್ದರು. ಮದ್ಯದವರ ಪರವಾಗಿ ಬಾಯಿ ಬಿಡುವವರು ಯಾರು?

ಕರ್ನಾಟಕದಲ್ಲಿ 2025ರ ಹೊತ್ತಿಗೆ ಬಿಯರ್ ಮೇಲೆ ಅಬಕಾರಿ ಸುಂಕ ಮತ್ತು ಹೆಚ್ಚುವರಿ ಅಬಕಾರಿ ಸುಂಕ ಅಂತ ಎರಡು ಇದ್ದವು. ಮೊದಲನೆಯದು ಲೀಟರಿಗೆ ಇಷ್ಟು ರೂಪಾಯಿ ಅಂತ, ಚಿಕ್ಕದು. ಎರಡನೆಯದೇ ನಿಜವಾದ ಹೊರೆ. ಅದು ಕಂಪನಿಯ ಮೂಲ ಬೆಲೆಯ ಮೇಲೆ ಶೇಕಡಾ ಲೆಕ್ಕದಲ್ಲಿ ಬೀಳುತ್ತಿತ್ತು. 2023ರ ಜುಲೈ ಬಜೆಟ್‌ನಲ್ಲಿ ಇದು ಶೇ 175ರಿಂದ 185ಕ್ಕೆ ಹೋಯಿತು. 2024ರ ಆರಂಭದಲ್ಲಿ 195 ಆಯಿತು. 2025ರ ಜನವರಿ 20ರಿಂದ ಒಂದು ಹೊಸ ತಿರುವು ಬಂತು: ಶೇ 195 ಅಥವಾ ಲೀಟರಿಗೆ 130 ರೂಪಾಯಿ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದು. ಜೊತೆಗೆ ಅಬಕಾರಿ ಸುಂಕವನ್ನು ಆಲ್ಕೋಹಾಲ್ ಶೇ 5ರವರೆಗಿನ ಬಿಯರಿಗೆ ಲೀಟರಿಗೆ 12 ರೂಪಾಯಿ, ಅದಕ್ಕಿಂತ ಸ್ಟ್ರಾಂಗ್ ಆಗಿದ್ದರೆ 20 ರೂಪಾಯಿ ಅಂತ ಎರಡು ಮಾಡಿದರು. ಅದೇ ವರ್ಷ ಮೇ ತಿಂಗಳಲ್ಲಿ ಶೇಕಡಾ ದರ ಮತ್ತೆ ಏರಿ 200ಕ್ಕೆ ಬಂತು. ಎರಡು ವರ್ಷ ತುಂಬುವುದರೊಳಗೆ ಇಷ್ಟೆಲ್ಲ.

ಈ ಸಾಲಿನಲ್ಲಿ ಜನವರಿಯ ಆ 130 ರೂಪಾಯಿಯನ್ನು ಸ್ವಲ್ಪ ಬಿಡಿಸಿ ನೋಡೋಣ.

ಒಂದು ದೊಡ್ಡ ಬಾಟಲಿ ಅಂದರೆ 650 ಮಿಲಿ. ಲೀಟರಿಗೆ 130ರಂತೆ ಹೆಚ್ಚುವರಿ ಸುಂಕ 84 ರೂಪಾಯಿ 50 ಪೈಸೆ. ಸ್ಟ್ರಾಂಗ್ ಆದರೆ ಅಬಕಾರಿ ಸುಂಕ 13 ರೂಪಾಯಿ. ಒಟ್ಟು 97 ರೂಪಾಯಿ 50 ಪೈಸೆ. ಕಂಪನಿ ಆ ಬಿಯರನ್ನು ಪುಕ್ಕಟೆ ಕೊಟ್ಟರೂ ಸರ್ಕಾರಕ್ಕೆ ಇಷ್ಟು ಹೋಗಲೇಬೇಕು. ಮೂಲ ಬೆಲೆ ಬಾಟಲಿಗೆ ಸುಮಾರು 43 ರೂಪಾಯಿಗಿಂತ ಕೆಳಗಿದ್ದರೆ 130ರ ಲೆಕ್ಕ ಹತ್ತುತ್ತದೆ, ಮೇಲಿದ್ದರೆ ಶೇ 195ರ ಲೆಕ್ಕ. ಅಂದರೆ ಹೊಡೆತ ಬಿದ್ದದ್ದು ಅಗ್ಗದ ಬಿಯರಿಗೆ. ಆಗ ಪತ್ರಿಕೆಗಳಲ್ಲಿ ಬಂದ ಪಟ್ಟಿ ನೆನಪಿರಬಹುದು. 100 ರೂಪಾಯಿ ಇದ್ದ ಲೆಜೆಂಡ್ 145 ಆಯಿತು. ಪವರ್ ಕೂಲ್ 130ರಿಂದ 155ಕ್ಕೆ ಹಾರಿತು. ವುಡ್‌ಪೆಕರ್ ಕ್ರೆಸ್ಟ್ 240ರಿಂದ 250 ಅಷ್ಟೇ. ಹಮಾಲಿ ಮಾಡುವವನಿಗೆ 45 ರೂಪಾಯಿ ಏರಿತು, ಎಸಿ ಬಾರಿನಲ್ಲಿ ಕೂರುವವನಿಗೆ 10 ರೂಪಾಯಿ.

ಇದರಲ್ಲಿ ತಪ್ಪೇನು, ಅಗ್ಗದ ಮದ್ಯ ದುಬಾರಿ ಆಗಬೇಕು ಅನ್ನುವುದೇ ಆರೋಗ್ಯದವರ ವಾದ ಅಲ್ವಾ ಅಂತ ಕೇಳಬಹುದು. ಸರಿ. ಸ್ಕಾಟ್ಲೆಂಡಿನಲ್ಲಿ 2018ರ ಮೇ ತಿಂಗಳಿಂದ ಮದ್ಯ ಮಾರುವ ಬೆಲೆಗೆ ಇಂಥದೇ ಒಂದು ಕೆಳಮಿತಿ ಇದೆ. ಆದರೆ ಅಲ್ಲಿ ಅದನ್ನು ಲೆಕ್ಕ ಹಾಕುವುದು ಆಲ್ಕೋಹಾಲ್ ಎಷ್ಟಿದೆ ಅಂತ ನೋಡಿ. ಬಿಯರ್, ವೈನ್, ವಿಸ್ಕಿ ಎಲ್ಲಕ್ಕೂ ಒಂದೇ ಅಳತೆ. 2025ರ ಜನವರಿಯ ನಮ್ಮ 130 ಬಿಯರಿನ ಲೀಟರಿಗೆ ಮಾತ್ರ ಇತ್ತು. ಆ ಲೀಟರಿನಲ್ಲಿ ನೀರು ಎಷ್ಟು, ಆಲ್ಕೋಹಾಲ್ ಎಷ್ಟು ಅಂತ ಅದು ಕೇಳಲಿಲ್ಲ.

ಕೇಳದಿದ್ದರೆ ಏನಾಗುತ್ತೆ ನೋಡಿ. ಶೇ 5ರ ಮೈಲ್ಡ್ ಬಿಯರಿನ ಒಂದು ಬಾಟಲಿಯಲ್ಲಿ ಆಲ್ಕೋಹಾಲ್ 32.5 ಮಿಲಿ. ಕನಿಷ್ಠ ತೆರಿಗೆ 92 ರೂಪಾಯಿ 30 ಪೈಸೆ. ಮಿಲಿಗೆ ಸುಮಾರು 2 ರೂಪಾಯಿ 84 ಪೈಸೆ ಬಿತ್ತು. ಶೇ 8ರ ಸ್ಟ್ರಾಂಗ್ ಬಾಟಲಿಯಲ್ಲಿ ಆಲ್ಕೋಹಾಲ್ 52 ಮಿಲಿ, ತೆರಿಗೆ 97 ರೂಪಾಯಿ 50 ಪೈಸೆ. ಮಿಲಿಗೆ 1 ರೂಪಾಯಿ 88 ಪೈಸೆ. ಕಡಿಮೆ ಅಮಲಿನದಕ್ಕೇ ಹೆಚ್ಚು ತೆರಿಗೆ! 12 ಮತ್ತು 20 ಅಂತ ಬೇರೆ ಬೇರೆ ಇಟ್ಟದ್ದು ಸ್ಟ್ರಾಂಗ್ ಕುಡಿಯುವುದನ್ನು ತಗ್ಗಿಸಲಿ ಅಂತ ಇರಬಹುದು. ಆದರೆ ಬಾಟಲಿಗೆ ಬಂದ ವ್ಯತ್ಯಾಸ 5 ರೂಪಾಯಿ 20 ಪೈಸೆ. ಅದಕ್ಕೆ ಒಂದು ಬೀಡಾನೂ ಬರಲ್ಲ.

ಈಗ ನೈಂಟಿ ಪ್ಯಾಕೆಟ್ ಪಕ್ಕಕ್ಕಿಡಿ. 90 ಮಿಲಿ ವಿಸ್ಕಿ, ಶೇ 42.8 ಆಲ್ಕೋಹಾಲ್, ಅಂದರೆ 38.5 ಮಿಲಿ. ಅಗ್ಗದ ಪ್ಯಾಕೆಟ್ಟಿಗೆ 80 ರೂಪಾಯಿ ಆಸುಪಾಸು ಅಂತ ಇಟ್ಟುಕೊಳ್ಳಿ. ಆ 80 ಪೂರ್ತಿ ತೆರಿಗೆಯೇ ಅಂದುಕೊಂಡರೂ ಮಿಲಿಗೆ 2 ರೂಪಾಯಿ 8 ಪೈಸೆ. ಮೈಲ್ಡ್ ಬಿಯರಿನ ಬರೀ ತೆರಿಗೆಯೇ ಇದಕ್ಕಿಂತ ಜಾಸ್ತಿ. 155 ರೂಪಾಯಿಯ ಒಂದು ಬಿಯರ್ ಬಿಟ್ಟವನು ಇನ್ನೈದು ರೂಪಾಯಿ ಸೇರಿಸಿದರೆ ಎರಡು ಪ್ಯಾಕೆಟ್. ಶೇ 7ರ ಬಾಟಲಿಯಲ್ಲಿ 45.5 ಮಿಲಿ ಆಲ್ಕೋಹಾಲ್ ಕುಡಿಯುತ್ತಿದ್ದವನು 77 ಮಿಲಿಗೆ ಬಂದ.

ನಿಜ ಹೇಳಬೇಕೆಂದರೆ ಪ್ಯಾಕೆಟ್ ಯಾವಾಗಲೂ ಅಗ್ಗವೇ ಇತ್ತು. ಬಿಯರ್ ತೆರಿಗೆ ಬಂದು ಆ ಅಂತರ ಹುಟ್ಟಲಿಲ್ಲ, ಇನ್ನಷ್ಟು ಅಗಲವಾಯಿತು. 2007ರ ಜುಲೈನಲ್ಲಿ ಸಾರಾಯಿ ನಿಷೇಧವಾದ ಮೇಲೆ ಸಾರಾಯಿ ಪ್ಯಾಕೆಟ್ ಹಿಡಿಯುತ್ತಿದ್ದ ಕೈಗಳಿಗೆ ಈ ಚಿಕ್ಕ ಪ್ಯಾಕೆಟ್ ಸಿಕ್ಕಿತು.

ಡಿಪೋದಿಂದ ಬರುವ ಮಾಲನ್ನು ಒಮ್ಮೆ ಕಣ್ಣಾರೆ ನೋಡಿದರೆ ಇದು ಬೇಗ ಅರ್ಥವಾಗುತ್ತೆ. ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರ ಪೂರ್ತಿ ಸರ್ಕಾರದ್ದೇ ಆದ ಪಾನೀಯ ನಿಗಮದ ಕೈಯಲ್ಲಿದೆ. ಅಂಗಡಿಯವರು ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿ, ದುಡ್ಡು ಮೊದಲೇ ಕಟ್ಟಿ ಡಿಪೋದಿಂದ ಎತ್ತಬೇಕು. ಒಂದು ಕೇಸ್ ಬಿಯರ್ ಅಂದರೆ 12 ಬಾಟಲಿ, 7.8 ಲೀಟರ್. ಒಂದು ಕೇಸ್ ನೈಂಟಿ ಅಂದರೆ 96 ಪ್ಯಾಕೆಟ್, 8.64 ಲೀಟರ್. ಲೀಟರಿನಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಆದರೆ ಶೇ 7ರ ಸ್ಟ್ರಾಂಗ್ ಬಿಯರ್ ಕೇಸಿನಲ್ಲಿರುವ ಆಲ್ಕೋಹಾಲ್ ಸುಮಾರು ಅರ್ಧ ಲೀಟರ್, ನೈಂಟಿ ಕೇಸಿನಲ್ಲಿ 3.7 ಲೀಟರ್. ಹತ್ತಿರ ಹತ್ತಿರ ಏಳು ಪಟ್ಟು. ಬಿಯರ್ ಕೇಸು ಇಳಿಸುವಾಗ ಬಾಟಲಿ ಒಡೆಯುತ್ತದೆ, ಗೋಡೌನ್ ಜಾಗ ತಿನ್ನುತ್ತದೆ, ಕೂಲರ್ ಕರೆಂಟು ತಿನ್ನುತ್ತದೆ, ತಿಂಗಳುಗಟ್ಟಲೆ ಇಟ್ಟರೆ ಡೇಟ್ ಬಾರ್ ಆಗುತ್ತದೆ. ವಿಸ್ಕಿಗೆ ಆ ತಾಪತ್ರಯ ಯಾವುದೂ ಇಲ್ಲ.

ಇನ್ನೊಂದು ವಿಷಯ ಬಜೆಟ್ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ. ಹಳ್ಳಿಯ ಕಿರಾಣಿ ಅಂಗಡಿಯಲ್ಲಿ, ಗೂಡಂಗಡಿಯಲ್ಲಿ ಕದ್ದು ಮಾರುವುದು ಯಾವುದನ್ನು? ಪ್ಯಾಕೆಟ್ಟನ್ನೇ. ಅಂಗಿ ಜೇಬಿನಲ್ಲಿ ಹಿಡಿಯುತ್ತದೆ, ಬಿದ್ದರೆ ಒಡೆಯಲ್ಲ, ತಂಪು ಮಾಡಬೇಕಿಲ್ಲ. ಬಿಸಿ ಬಿಯರ್ ಯಾರೂ ಕೊಳ್ಳುವುದಿಲ್ಲ, ಹಾಗಾಗಿ ಅದು ಬೇಳೆ ಡಬ್ಬದ ಹಿಂದೆ ಕೂರುವ ಮಾಲಲ್ಲ. ಅಕ್ರಮ ಮಾರಾಟ ನಿಲ್ಲಿಸಿ ಅಂತ ತಾಲ್ಲೂಕು ಕಚೇರಿ ಮುಂದೆ ಕೂರುವ ಹೆಂಗಸರು ಕೈಯಲ್ಲಿ ಹಿಡಿದು ತೋರಿಸುವುದೂ ಖಾಲಿ ಪ್ಯಾಕೆಟ್ಟುಗಳನ್ನೇ. ಅವರ ಮನೆ ಹಾಳಾಗುತ್ತಿರುವುದು ಬಿಯರಿನಿಂದ ಅಲ್ಲ.

ಹಾಗಂತ ನಮ್ಮ ಕ್ಲೈಂಟುಗಳ ಮೆಚ್ಚಿನ ವಾದಕ್ಕೂ ನಾನು ತಲೆ ಆಡಿಸುವುದಿಲ್ಲ. "ಬಿಯರ್ ಅಂದ್ರೆ ಬಾರ್ಲಿ ನೀರು ಸರ್, ಅದಕ್ಕ್ಯಾಕೆ ಇಷ್ಟು ತೆರಿಗೆ?" ಅನ್ನುತ್ತಾರೆ. ಒಂದು ಸ್ಟ್ರಾಂಗ್ ಬಾಟಲಿಯಲ್ಲಿ ಒಂದು ನೈಂಟಿಗಿಂತ ಜಾಸ್ತಿ ಆಲ್ಕೋಹಾಲ್ ಇದೆ ಅಂತ ಮೇಲೇ ಲೆಕ್ಕ ಹಾಕಿದೆವು. ಮೂರು ಬಾಟಲಿ ಏರಿಸಿ ಹೆದ್ದಾರಿಗೆ ಬೈಕ್ ಇಳಿಸುವವನು ಬಾರ್ಲಿ ನೀರು ಕುಡಿದಿಲ್ಲ. ತೆರಿಗೆ ಏರಿದರೆ ಕುಡಿತ ಕಡಿಮೆಯಾಗುವುದೂ ಸುಳ್ಳಲ್ಲ. ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟು ಮಾಡಿ 2009ರಲ್ಲಿ ಬಂದ ಒಂದು ಲೆಕ್ಕವಿದೆ. ಬೆಲೆ ಶೇ 10 ಏರಿದರೆ ಬಿಯರ್ ಕುಡಿಯುವುದು ಶೇ 4.6ರಷ್ಟು, ವೈನ್ ಶೇ 6.9, ವಿಸ್ಕಿ ಜಾತಿಯ ಗಟ್ಟಿ ಮದ್ಯ ಶೇ 8ರಷ್ಟು ಇಳಿಯುತ್ತದೆ ಅಂತ. ಇವು ಬಹುಪಾಲು ಶ್ರೀಮಂತ ದೇಶಗಳ ಅಂಕಿ, ಚಳ್ಳಕೆರೆಗೆ ಹಾಗೇ ತಂದು ಕೂರಿಸಲು ಬರುವುದಿಲ್ಲ. ಆದರೂ ಒಂದು ಗಮನಿಸಿ. ಬೆಲೆಗೆ ಹೆಚ್ಚು ಬಗ್ಗುವುದು ಗಟ್ಟಿ ಮದ್ಯ. ಕುಡಿತ ತಗ್ಗಿಸುವುದೇ ಉದ್ದೇಶವಾದರೆ ಕೈ ಮೊದಲು ಹೋಗಬೇಕಾದದ್ದು ಅಲ್ಲಿಗೆ.

ವಿಶ್ವ ಆರೋಗ್ಯ ಸಂಸ್ಥೆ 2025ರ ಜುಲೈನಲ್ಲಿ ಒಂದು ಕರೆ ಕೊಟ್ಟಿತು. 2035ರೊಳಗೆ ತಂಬಾಕು, ಮದ್ಯ, ಸಕ್ಕರೆ ಪಾನೀಯಗಳ ನಿಜ ಬೆಲೆ ಕನಿಷ್ಠ ಶೇ 50 ಏರಲಿ ಅಂತ. ಇದರಲ್ಲಿ 'ನಿಜ ಬೆಲೆ' ಅನ್ನುವುದು ಮುಖ್ಯ, ಹಣದುಬ್ಬರ ಕಳೆದು ಉಳಿಯುವ ಏರಿಕೆ ಅದು. ಅಮೆರಿಕದಲ್ಲಿ 1991ರ ಜನವರಿಯಲ್ಲಿ ಕೇಂದ್ರ ಸರ್ಕಾರ ಬಿಯರ್ ಸುಂಕವನ್ನು ಬ್ಯಾರಲ್ಲಿಗೆ 9 ಡಾಲರಿನಿಂದ 18ಕ್ಕೆ ಏರಿಸಿತು. ದೊಡ್ಡ ಗಲಾಟೆ ಆಯಿತು. ಆಮೇಲೆ ದೊಡ್ಡ ಕಂಪನಿಗಳ ಮಾಮೂಲಿ ದರ ಸುಮಾರು ಅಲ್ಲೇ ನಿಂತಿತು. ದಶಕಗಳು ಕಳೆದಂತೆ ಆ 18 ಡಾಲರ್ ತಾನಾಗಿಯೇ ಸವೆದುಹೋಯಿತು. ಬ್ರಿಟನ್ನಿನವರು 2023ರ ಆಗಸ್ಟಿನಲ್ಲಿ ಬೇರೆ ದಾರಿ ಹಿಡಿದರು. ಯಾವ ಪಾನೀಯವಾದರೂ ಸರಿ, ಅದರ ಆಲ್ಕೋಹಾಲ್ ಪ್ರಮಾಣ ನೋಡಿ ಸುಂಕ. ನನ್ನ ಮಟ್ಟಿಗೆ ಲೆಕ್ಕ ಹಿಡಿಯಲು ಯೋಗ್ಯವಾದದ್ದು ಇದೇ.

ನಮ್ಮಲ್ಲಿ ಹಾಗೆ ಮಾಡಲು ಧೈರ್ಯ ಬೇಕು. ಪ್ಯಾಕೆಟ್ ಮೇಲೆ ಕೈ ಇಟ್ಟರೆ ವೋಟು ಅಲುಗಾಡುತ್ತದೆ, ಬಿಯರ್ ಮೇಲೆ ಇಟ್ಟರೆ ಎರಡು ದಿನ ಮೀಮ್ ಬರುತ್ತವೆ ಅಷ್ಟೇ. 2023–24ಕ್ಕೆ ಅಬಕಾರಿಯ ಗುರಿ 36,000 ಕೋಟಿ, 2024–25ಕ್ಕೆ 38,525 ಕೋಟಿ, 2025–26ಕ್ಕೆ 40,000 ಕೋಟಿ ರೂಪಾಯಿ. ಸಂವಿಧಾನದ 47ನೇ ವಿಧಿ ಪಾನನಿಷೇಧ ತರಲು ಪ್ರಯತ್ನಿಸಿ ಅನ್ನುತ್ತದೆ, ಬಜೆಟ್ ಪುಸ್ತಕ ಗುರಿ ಮುಟ್ಟಿ ಅನ್ನುತ್ತದೆ. ಪಾಪ, ಅಬಕಾರಿ ಅಧಿಕಾರಿ ಯಾರ ಮಾತು ಕೇಳಬೇಕು?

ಆಮೇಲೆ ಗಡಿ. ಮೊಳಕಾಲ್ಮೂರು ಕಡೆಯವರಿಗೆ ಆಂಧ್ರದ ರಾಯದುರ್ಗ ಚಿತ್ರದುರ್ಗಕ್ಕಿಂತ ಹತ್ತಿರ. 2019ರಿಂದ 2024ರವರೆಗೆ ಆಂಧ್ರದಲ್ಲಿ ಮದ್ಯ ವಿಪರೀತ ದುಬಾರಿ ಇತ್ತು. ಆಗ ನಮ್ಮ ಪ್ಯಾಕೆಟ್ಟುಗಳು ಆ ಕಡೆಗೆ ಕಳ್ಳದಾರಿ ಹಿಡಿದಿದ್ದವು, ಅಲ್ಲಿನ ಪೊಲೀಸರು ಹಿಡಿದ ಸುದ್ದಿ ಆಗಾಗ ಬರುತ್ತಿತ್ತು. 2024ರ ಅಕ್ಟೋಬರಿನಲ್ಲಿ ಆಂಧ್ರದ ಹೊಸ ನೀತಿ ಬಂತು, 180 ಮಿಲಿ 99 ರೂಪಾಯಿಗೆ ಅಂತ. ಅಂದರೆ ನೈಂಟಿ ಲೆಕ್ಕದಲ್ಲಿ 50 ರೂಪಾಯಿಗೂ ಕಡಿಮೆ. ಆಲ್ಕೋಹಾಲ್ ಲೆಕ್ಕದಲ್ಲಿ ನಾವು ಪ್ಯಾಕೆಟ್ಟಿಗೆ ಸರಿಯಾದ ತೆರಿಗೆ ಹಾಕಿದ ದಿನ ಬೈಕುಗಳು ಉಲ್ಟಾ ಓಡುತ್ತವೆ. ಹಾಗಾಗಿ ಇದನ್ನು ಒಂದೇ ಏಟಿಗೆ ಮಾಡಲು ಆಗುವುದಿಲ್ಲ. ವರ್ಷಕ್ಕಿಷ್ಟು ಅಂತ ಮೊದಲೇ ಹೇಳಿ, ಮೂರ‍್ನಾಲ್ಕು ಮೆಟ್ಟಿಲಲ್ಲಿ ಏರಿಸಬೇಕು. ಬಿಯರಿನಲ್ಲಿ ಮೈಲ್ಡ್‌ಗೆ ಸ್ವಲ್ಪ ಇಳಿಸಿ, ಸ್ಟ್ರಾಂಗ್‌ಗೆ ಏರಿಸುವುದನ್ನಂತೂ ನಾಳೆಯೇ ಮಾಡಬಹುದು. ಅದಕ್ಕೆ ಯಾವ ಗಡಿಯ ಭಯವೂ ಇಲ್ಲ, ಬೊಕ್ಕಸಕ್ಕೆ ದೊಡ್ಡ ನಷ್ಟವೂ ಇಲ್ಲ. ಗಟ್ಟಿ ಮದ್ಯದ ದರ ಮುಟ್ಟಲು ಧೈರ್ಯ ಸಾಲದಿದ್ದರೆ ಕನಿಷ್ಠ ಇಷ್ಟಾದರೂ ಆಗಲಿ.

ಗಡಿ ಕಡೆಯ ಒಬ್ಬ ಸನ್ನದುದಾರರು ಮೊನ್ನೆ ಫೋನ್ ಮಾಡಿದ್ದರು. ಬೇಸಿಗೆಗೆ ಇನ್ನೊಂದು ಕೂಲರ್ ಹಾಕಲಾ ಅಂತ. ಬ್ಯಾಂಕ್ ಸಾಲ ಮಾಡಿ ಹಾಕಬೇಡಿ, ಇರುವುದರಲ್ಲೇ ನಡೆಸಿ ಅಂದೆ. "ಮತ್ತೆ ನೈಂಟಿ ಇಂಡೆಂಟ್ ಜಾಸ್ತಿ ಹಾಕ್ಲಾ ಸರ್?" ಅಂದರು. ಅದಕ್ಕೆ ನನ್ನನ್ನು ಕೇಳಬೇಡಿ ಅಂದೆ. ಹಾಕುತ್ತಾರೆ ಅಂತ ಇಬ್ಬರಿಗೂ ಗೊತ್ತಿತ್ತು.