ಬಾಣಂತನ ಬಲ್ಲ ನಾಡಿನಲ್ಲಿ ಹೆಸರಿಲ್ಲದ ನೋವು

ಗೋವಾದ ಝುವಾರಿನಗರದ ಓಣಿಗಳಲ್ಲಿ ಗದಗ, ಬಾಗಲಕೋಟೆ, ವಿಜಯಪುರದ ಕಡೆಯ ಕನ್ನಡ ನಿತ್ಯವೂ ಕಿವಿಗೆ ಬೀಳುತ್ತದೆ. ಕಳೆದ ಮಳೆಗಾಲದಲ್ಲಿ, ಮಕ್ಕಳಿಗೆ ಲಸಿಕೆ ಹಾಕುವ ದಿನ, ಅಲ್ಲಿ ಮೂರು ತಿಂಗಳ ಹೆಣ್ಣುಕೂಸಿನ ತಾಯಿಯೊಬ್ಬರ ಪಕ್ಕದಲ್ಲಿ ಕುಳಿತಿದ್ದೆ. ನರ್ಸ್ ಕೂಸಿನ ತೂಕ, ಹಾಲು, ಜ್ವರ ಎಲ್ಲವನ್ನೂ ವಿಚಾರಿಸಿದರು. ಉತ್ತರವನ್ನೆಲ್ಲ ಅತ್ತೆಯೇ ಕೊಟ್ಟರು. ತಾಯಿ ಹೇಳಿದ್ದು ತಲೆನೋವು, ಸೊಂಟನೋವು ಎಂಬ ಎರಡೇ ಮಾತು, ಸಿಕ್ಕಿದ್ದು ಒಂದು ಚೀಟಿ ಗುಳಿಗೆ. ಅತ್ತೆ ಸೂಜಿ ಹಾಕಿಸಲು ಕೂಸನ್ನು ಒಳಗೆ ಒಯ್ದಾಗ ಆಕೆ ಮೆಲ್ಲಗೆ ಹೇಳಿದರು: “ಕೂಸು ಅತ್ತರ ಎತ್ಕೋಬೇಕು ಅನಸೂದಿಲ್ರಿ ಅಕ್ಕಾರ. ಇದನ್ನ ಯಾರ ಮುಂದ ಹೇಳಲಿ?” ಆಕೆಯ ರಟ್ಟೆಗೆ ಹೊಸದಾಗಿ ತಾಯಿತ ಕಟ್ಟಿದ್ದರು. ಗಾಳಿ ಸೋಕಿದೆ ಎಂಬುದು ಮನೆಯವರ ನಂಬಿಕೆ.

ಬಾಣಂತಿಯ ಮೈಯನ್ನು ನಮ್ಮಷ್ಟು ಜತನದಿಂದ ನೋಡಿಕೊಳ್ಳುವವರು ಕಡಿಮೆ. ಎಣ್ಣೆ ತಿಕ್ಕಿ ಬಿಸಿನೀರು ಹಾಕುವುದು, ಹೊರಸಿನ ಕೆಳಗೆ ಕೆಂಡ ಇಡುವುದು, ಅಂಟಿನುಂಡಿ ತಿನ್ನಿಸುವುದು, ಕಿವಿಗೆ ಹತ್ತಿ ಇಡುವುದು ಇವೆಲ್ಲ ತಲೆಮಾರುಗಳಿಂದ ಬಂದ ತಿಳಿವಳಿಕೆ. ಆಯುರ್ವೇದದ ಕಾಶ್ಯಪ ಸಂಹಿತೆಯೂ ಸೂತಿಕಾ ರೋಗಗಳನ್ನು, ಅಂದರೆ ಬಾಣಂತಿಯರ ಕಾಯಿಲೆಗಳನ್ನು, ವಿವರವಾಗಿ ಹೇಳುತ್ತದೆ. ಮೈಗೆ ಬರುವುದಕ್ಕೆ ನಂಜು ಎಂಬ ಮಾತಿದೆ. ಬುದ್ಧಿಯೇ ಸ್ಥಿಮಿತ ತಪ್ಪಿದರೆ ಬಾಣಂತಿ ಸನ್ನಿ ಎನ್ನುತ್ತೇವೆ. ಆದರೆ ಆ ಸನ್ನಿ ಬರುವುದು ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ ಮಾತ್ರ. ಇನ್ನೊಂದು ತುದಿಯಲ್ಲಿ, ಹೆರಿಗೆಯಾದ ಮೊದಲ ವಾರದಲ್ಲಿ ಕಾರಣವಿಲ್ಲದೆ ಅಳು ಬರುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರ ಅನುಭವ, ಅದು ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಇವೆರಡರ ನಡುವೆ ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯುವ ಖಿನ್ನತೆಗೆ ಮನೆಮಾತಿನಲ್ಲಿ ಹೆಸರೇ ಇಲ್ಲ. ಬಾಯಿಬಿಟ್ಟರೆ ಸನ್ನಿ ಹಿಡಿದವಳು ಎನ್ನಿಸಿಕೊಳ್ಳಬೇಕು, ಬಿಡದಿದ್ದರೆ ಸೋಮಾರಿ ಎನ್ನಿಸಿಕೊಳ್ಳಬೇಕು. ಕಳಂಕ ಬೇರು ಬಿಟ್ಟಿರುವುದು ಇಲ್ಲಿಯೇ ಎಂದು ನನಗೆ ಅನಿಸುತ್ತದೆ.

ವೈದ್ಯಶಾಸ್ತ್ರವೂ ಬಹುಕಾಲ ತೀವ್ರವಾದುದನ್ನೇ ನೋಡಿತು. ಫ್ರಾನ್ಸಿನ ಲೂಯಿ ವಿಕ್ಟರ್ ಮಾರ್ಸೆ 1858ರಲ್ಲಿ ಗರ್ಭಿಣಿ ಮತ್ತು ಬಾಣಂತಿಯರ ಮನೋರೋಗಗಳ ಬಗ್ಗೆ ಗ್ರಂಥವನ್ನೇ ಬರೆದರು. ಸಾಮಾನ್ಯ ತಾಯಂದಿರ ಖಿನ್ನತೆಯನ್ನು ಬ್ರಿಟನ್ನಿನ ಬ್ರೈಸ್ ಪಿಟ್ ಅಧ್ಯಯನ ಮಾಡಿ ಪ್ರಕಟಿಸುವ ಹೊತ್ತಿಗೆ 1968 ಆಗಿತ್ತು. 1987ರಲ್ಲಿ ಜಾನ್ ಕಾಕ್ಸ್ ಮತ್ತು ಸಂಗಡಿಗರು ಈ ಖಿನ್ನತೆಯನ್ನು ಗುರುತಿಸಲು ಎಡಿನ್‌ಬರೋ ಮಾಪಕ ಎಂಬ ಪ್ರಶ್ನಾವಳಿಯನ್ನು ರೂಪಿಸಿದರು. ಸುಸ್ತು, ಹಸಿವು, ತೂಕಗಳ ಲೆಕ್ಕ ಕೇಳಿದರೆ ಎಲ್ಲ ಬಾಣಂತಿಯರೂ ರೋಗಿಗಳಾಗಿ ಕಾಣುತ್ತಾರೆ ಎಂಬುದನ್ನು ಅರಿತು, ಕಳೆದ ಏಳು ದಿನಗಳಲ್ಲಿ ನಗು ಬಂತೇ, ಸುಮ್ಮಸುಮ್ಮನೆ ನಿಮ್ಮನ್ನೇ ದೂಷಿಸಿಕೊಂಡಿರಾ, ಜೀವಕ್ಕೆ ಹಾನಿ ಮಾಡಿಕೊಳ್ಳುವ ಯೋಚನೆ ಬಂತೇ ಎಂಬಂಥ ಹತ್ತೇ ಪ್ರಶ್ನೆಗಳನ್ನು ಅವರು ಇಟ್ಟರು.

ಆ ಹತ್ತು ಪ್ರಶ್ನೆಗಳು ಕೊಂಕಣಿಗೆ ಬಂದದ್ದು ಗೋವಾದಲ್ಲಿ. ಸಂಶೋಧಕರಾದ ವಿಕ್ರಮ್ ಪಟೇಲ್, ಮರ್ಲಿನ್ ರಾಡ್ರಿಗಸ್, ನಂದಿತಾ ಡಿಸೋಜಾ ಅವರು ಇಲ್ಲಿನ ಜಿಲ್ಲಾ ಆಸ್ಪತ್ರೆಯೊಂದರಲ್ಲಿ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆರಿಗೆಯ ನಂತರದ ಆರರಿಂದ ಎಂಟು ವಾರಗಳಲ್ಲಿ ಶೇ 23ರಷ್ಟು ತಾಯಂದಿರಲ್ಲಿ ಖಿನ್ನತೆ ಕಂಡುಬಂತು. ಅವರಲ್ಲಿ ಶೇ 78ರಷ್ಟು ಮಂದಿ ಬಸಿರಿನಲ್ಲಿದ್ದಾಗಲೇ ಮಾನಸಿಕವಾಗಿ ಬಳಲಿದ್ದವರು. ಅರ್ಧಕ್ಕಿಂತ ಹೆಚ್ಚು ಮಂದಿ ಆರು ತಿಂಗಳಾದರೂ ಚೇತರಿಸಿಕೊಂಡಿರಲಿಲ್ಲ. ಹಾರ್ಮೋನುಗಳ ಏರುಪೇರಿನ ಮಾತನ್ನೇ ಕೇಳಿದ್ದವರಿಗೆ ಈ ಅಧ್ಯಯನ ಕಣ್ಣು ತೆರೆಸುವಂತಿತ್ತು, ಏಕೆಂದರೆ ಅಲ್ಲಿ ಎದ್ದು ಕಂಡ ಕಾರಣಗಳು ಬಡತನ, ಹಸಿವು, ಗಂಡನ ಜೊತೆಗಿನ ಹದಗೆಟ್ಟ ಸಂಬಂಧ, ಹೊಡೆತ ಹಾಗೂ ಹುಟ್ಟಿದ ಕೂಸು ಹೆಣ್ಣೋ ಗಂಡೋ ಎಂಬುದು. ಖಿನ್ನತೆಯಿದ್ದ ತಾಯಂದಿರು ಉಳಿದವರಿಗಿಂತ ಹೆಚ್ಚಾಗಿ ವೈದ್ಯರ ಬಳಿ ಹೋಗುತ್ತಿದ್ದರು ಎಂಬ ಸಂಗತಿಯೂ ಅದರಲ್ಲಿದೆ. ಝುವಾರಿನಗರದಲ್ಲಿ ಕಂಡ ಗುಳಿಗೆಯ ಚೀಟಿ ನನಗೆ ಮತ್ತೆ ಮತ್ತೆ ನೆನಪಾಗುವುದು ಈ ಕಾರಣಕ್ಕೆ. ಅವರು ಬಾಗಿಲ ತನಕ ಬರುತ್ತಾರೆ, ಕೇಳುವವರಿಲ್ಲ.

ಕೂಲಿಗೆಂದು ಊರು ಬಿಟ್ಟವರ ಪಾಡು ಇನ್ನೂ ಒಂದು ತೂಕ ಹೆಚ್ಚು. ತವರಿನಲ್ಲಿ ಮೂರು ತಿಂಗಳೋ ಐದು ತಿಂಗಳೋ ನಡೆಯಬೇಕಾದ ಬಾಣಂತನ, ಇಲ್ಲಿ ಸಂಬಳ ತಪ್ಪುತ್ತದೆಂಬ ಕಾರಣಕ್ಕೆ ನಲವತ್ತು ದಿನಕ್ಕೇ ಮುಗಿಯುತ್ತದೆ; ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಅತ್ತು ಹಗುರಾಗಲೂ ಮರೆಯಿಲ್ಲ.

ಈ ಖಿನ್ನತೆಗೆ ಚಿಕಿತ್ಸೆಯಿದೆ. ಎಷ್ಟೋ ತಾಯಂದಿರಿಗೆ ಆಪ್ತಸಮಾಲೋಚನೆ ಮತ್ತು ಮನೆಯವರ ಆಸರೆಯೇ ಸಾಕಾಗುತ್ತದೆ. ಬೇಕಾದವರಿಗೆ ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳನ್ನು ವೈದ್ಯರು ಕೊಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮತ್ತು ಕೂಸನ್ನು ಒಟ್ಟಿಗೇ ದಾಖಲಿಸಿಕೊಳ್ಳುವ ವಿಭಾಗವಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಕೂಸನ್ನು ಕಿತ್ತುಕೊಂಡಾರು ಎಂಬ ಹೆದರಿಕೆಯಿಂದಲೇ ಬಾಯಿ ಮುಚ್ಚಿಕೊಳ್ಳುವವರಿಗೆ ಈ ಒಂದು ಮಾತನ್ನಾದರೂ ಯಾರಾದರೂ ತಲುಪಿಸಬೇಕು.

ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಅಂದು ಆ ಸಂಖ್ಯೆಯನ್ನು ಲಸಿಕೆ ಚೀಟಿಯ ಹಿಂದೆ ಬರೆದುಕೊಟ್ಟೆ. ಆಕೆ ಓದಿಕೊಂಡು, ಮಡಚಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಫೋನು ಗಂಡನ ಬಳಿ ಇರುತ್ತದೆ, ಸಂಜೆ ಅದು ಮನೆಗೆ ಬರುವಾಗ ಕೋಣೆಯಲ್ಲಿ ಎಲ್ಲರೂ ಇರುತ್ತಾರೆ ಎಂದರು.