ಒಟಿಪಿ ಹೇಳಿದರೆ ಒಪ್ಪಿಗೆ ಆಯಿತೇ?

ಆಭಾ (ಆಯುಷ್ಮಾನ್ ಭಾರತ್ ಆರೋಗ್ಯ ಖಾತೆ) ಸಂಖ್ಯೆ ಮಾಡಿಸಿದರೆ ನಮ್ಮ ಕಾಯಿಲೆಗಳ ಚರಿತ್ರೆಯೆಲ್ಲ ದೆಹಲಿಯ ಯಾವುದೋ ಒಂದು ಕಂಪ್ಯೂಟರಿಗೆ ಹೋಗಿ ಸೇರುತ್ತದೆ ಎಂದು ಹಲವರು ನಂಬಿದ್ದಾರೆ. 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಹಾಗೆ ಕೆಲಸ ಮಾಡುವುದಿಲ್ಲ. ಹುಬ್ಬಳ್ಳಿಯ ಲ್ಯಾಬಿನಲ್ಲಿ ತಯಾರಾದ ರಕ್ತಪರೀಕ್ಷೆಯ ವರದಿ ಆ ಲ್ಯಾಬಿನ ಬಳಿಯೇ ಉಳಿಯುತ್ತದೆ. 14 ಅಂಕಿಯ ಆಭಾ ಸಂಖ್ಯೆಗೆ ಜೋಡಣೆಯಾಗುವುದು ಇಂಥವರ ವರದಿ ಇಂಥಲ್ಲಿದೆ ಎಂಬ ಕೊಂಡಿ ಮಾತ್ರ.

ಬೆಂಗಳೂರಿನ ವೈದ್ಯರಿಗೆ ಆ ವರದಿ ಬೇಕಾದರೆ ನಿಮ್ಮ ಮೊಬೈಲಿಗೆ ಕೋರಿಕೆ ಬರುತ್ತದೆ. ಅದನ್ನು ನಿಧಾನವಾಗಿ ಓದಿ ನೋಡಬೇಕು. ಕೇಳುತ್ತಿರುವವರು ಯಾರು, ಯಾವ ಉದ್ದೇಶಕ್ಕೆ, ಯಾವ ಬಗೆಯ ದಾಖಲೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗಿನದು, ಈ ಒಪ್ಪಿಗೆ ಎಂದು ಮುಗಿಯುತ್ತದೆ, ಎಲ್ಲವೂ ಅದರಲ್ಲಿರುತ್ತದೆ. ಸಕ್ಕರೆ ಕಾಯಿಲೆಯ ವೈದ್ಯರಿಗೆ ಈ ವರ್ಷದ ಲ್ಯಾಬ್ ವರದಿಗಳನ್ನಷ್ಟೇ ಕೊಟ್ಟು, ಹಿಂದೊಮ್ಮೆ ಮನೋವೈದ್ಯರು ಬರೆದ ಔಷಧಿ ಚೀಟಿಯನ್ನು ಕೊಡದೇ ಇರಬಹುದು. ಒಪ್ಪಿಕೊಂಡ ಮೇಲೂ ಹಿಂತೆಗೆದುಕೊಳ್ಳಬಹುದು. ದಾಖಲೆ ಗೂಢಲಿಪಿಯಲ್ಲಿ ಸಾಗುವುದರಿಂದ ಎರಡೂ ಕಡೆಯನ್ನು ಬೆಸೆಯುವ ನಡುವಿನ ಕಂಪ್ಯೂಟರ್ ವ್ಯವಸ್ಥೆಗೆ, ಅಂದರೆ ಗೇಟ್‌ವೇಗೆ, ಅದನ್ನು ತೆರೆದು ಓದಲಾಗದು. ಇಷ್ಟು ಸೂಕ್ಷ್ಮವಾಗಿ ರೋಗಿಯ ಕೈಗೆ ಹಿಡಿತ ಕೊಡುವ ವ್ಯವಸ್ಥೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ದಾಖಲೆ ಹಂಚಿಹೋಗಿದೆ ಎಂದರೆ ಅದನ್ನು ಕಾಯುವ ಹೊಣೆಯೂ ಹಂಚಿಹೋಗಿದೆ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್‌ನ ಸರ್ವರುಗಳ ಮೇಲೆ ಸೈಬರ್ ದಾಳಿಯಾದಾಗ ಅಂಥ ದೊಡ್ಡ ಆಸ್ಪತ್ರೆಯೇ ದಿನಗಟ್ಟಲೆ ಕಾಗದ, ಪೆನ್ನು ಹಿಡಿದು ಕೆಲಸ ಮಾಡಬೇಕಾಯಿತು. ತಾಲ್ಲೂಕು ಕೇಂದ್ರದ ಲ್ಯಾಬಿಗೆ ಯಾವ ಭದ್ರತೆಯಿದೆ?

ಇನ್ನೂ ದೊಡ್ಡ ಕೊರತೆ ಕೌಂಟರಿನಲ್ಲಿದೆ. ಚೀಟಿ ಮಾಡಿಸಲು ನಿಂತ ಅಜ್ಜಿಯನ್ನು "ಆಧಾರ್ ಕೊಡಿ, ಒಟಿಪಿ ಹೇಳಿ" ಎಂದು ಅವಸರಪಡಿಸಿದರೆ, ಮೊಮ್ಮಗ ಫೋನ್ ನೋಡಿ ಆರು ಅಂಕಿ ಓದಿಬಿಡುತ್ತಾನೆ. ಮಿಷನ್ನಿನ ನೀತಿಯ ಪ್ರಕಾರ ಆಭಾ ಕಡ್ಡಾಯವಲ್ಲ, ಅದಿಲ್ಲವೆಂದು ಚಿಕಿತ್ಸೆ ನಿರಾಕರಿಸುವಂತೆಯೂ ಇಲ್ಲ. ಇದನ್ನು ಅಜ್ಜಿಗೆ ಯಾರೂ ಹೇಳದಿದ್ದರೆ, ಒಟಿಪಿ ಬಂದದ್ದು ಅವರ ಮೊಬೈಲಿಗೇ ಎಂಬುದಷ್ಟೇ ಸಾಬೀತಾಗುತ್ತದೆ. ಅದನ್ನು ಒಪ್ಪಿಗೆ ಎನ್ನಲು ನನಗೆ ಮನಸ್ಸು ಬಾರದು.

ಕಾನೂನು ಏನೆನ್ನುತ್ತದೆ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಪ್ರಶ್ನಿಸಿ ಹೂಡಿದ್ದ ಮೊಕದ್ದಮೆಯಲ್ಲೇ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆರೋಗ್ಯ ಮಾಹಿತಿಗೆಂದೇ 2018ರಲ್ಲಿ ಸಿದ್ಧವಾದ 'ದಿಶಾ' ಕರಡು ಕಾಯ್ದೆಯಾಗಲೇ ಇಲ್ಲ. ಅದರ ಬದಲು 2023ರಲ್ಲಿ ಎಲ್ಲ ಬಗೆಯ ಮಾಹಿತಿಗೂ ಸೇರಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಬಂದ 2011ರ ನಿಯಮಗಳು ವೈದ್ಯಕೀಯ ದಾಖಲೆಯನ್ನು ಸೂಕ್ಷ್ಮ ಮಾಹಿತಿ ಎಂದು ಬೇರೆಯಾಗಿ ಗುರುತಿಸಿದ್ದವು. ಹೊಸ ಕಾಯ್ದೆಯಲ್ಲಿ ಆ ವಿಂಗಡಣೆಯೇ ಇಲ್ಲ. ಎಚ್‌ಐವಿ ಪರೀಕ್ಷೆಯ ಫಲಿತಾಂಶವೂ ಫೋನ್ ನಂಬರೂ ಒಂದೇ ಸಾಲಿನಲ್ಲಿ ಕೂತಿವೆ. ಇದು ತಪ್ಪು ಹೆಜ್ಜೆ ಎಂದೇ ನನ್ನ ಅಭಿಪ್ರಾಯ.

ಆದರೂ ಆ ಕಾಯ್ದೆಯಲ್ಲಿ ನಮಗೆ ಗಟ್ಟಿಯಾದ ಆಸರೆಯೊಂದಿದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಲೇಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತೆಯೂ ಇರಬೇಕು. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ, ಮುಖ್ಯ ಕಟ್ಟಳೆಗಳ ಪಾಲನೆಗೆ 18 ತಿಂಗಳ ಕಾಲಾವಕಾಶವಿದೆ. ಅರ್ಥವಾಗುವ ಕನ್ನಡದಲ್ಲಿ ಅರ್ಧ ಪುಟದ ಸೂಚನೆ ಬರೆಯಲು ಯಾವ ಆಸ್ಪತ್ರೆಗೂ ಅಷ್ಟು ಸಮಯ ಬೇಕಿಲ್ಲ.